ಎರಡು ಬೆರಳು ಮೇಲೆ

ಮೂವತ್ತು ವರ್ಷ ಊರಿನ ಅರ್ಧ ಜನರ ಎದೆ, ತೋಳು, ಸೊಂಟ ಅಳೆದ ಟೈಲರಮ್ಮನ ಕಣ್ಣೆದುರಿಗೇ ಗೋದಾಮಿನ ಡಾಕ್ಟರು ಅಳತೆ ತಪ್ಪಿದರು.

ಗೋದಾಮಿನ ಆಫೀಸಿನ ಹಿಂದಿನ ಕೋಣೆ. ಒಂದು ಮಂಚ, ಒಂದು ಮೇಜು, ಮೊಳೆಗೆ ನೇತುಹಾಕಿದ ಟೇಪು. ಮಂಚದ ಮೇಲೆ ಅವಳ ತಮ್ಮ, ಮೂಟೆ ಹೊರುವವನು. ಮೂರು ತಿಂಗಳ ಹಿಂದೆ ಮೂಟೆಗಳ ಅಟ್ಟಿ ಕುಸಿದು ಎಡಮಂಡಿ ಮುರಿದಿತ್ತು. ಪ್ಲಾಸ್ಟರ್ ತೆಗೆದಾಗ ತೊಡೆ ಸೊರಗಿತ್ತು, ಮಂಡಿ ಊದಿಕೊಂಡಿತ್ತು. ಎರಡೂ ತೊಡೆಯ ಸುತ್ತಳತೆ ಹೆಚ್ಚುಕಮ್ಮಿ ಸಮ ಬಂದರೆ ಮಾಂಸಖಂಡ ತುಂಬಿಕೊಂಡಿದೆ ಅಂತ ಅರ್ಥ, ನಾಳೆಯಿಂದಲೇ ಮೂಟೆ. ಬಾರದಿದ್ದರೆ ಇನ್ನೆರಡು ತಿಂಗಳು ಕೂತು ಮಾಡುವ ಕೆಲಸ. ತೊಡೆಗೆ ಬಲ ಬರುವ ಮೊದಲೇ ಭಾರ ಹೊತ್ತರೆ ಈ ಮಂಡಿಯ ಕಥೆ ಮುಗಿದಂತೆ ಎಂದು ದೊಡ್ಡಾಸ್ಪತ್ರೆಯವರು ಹೇಳಿ ಕಳಿಸಿದ್ದರು.

ಡಾಕ್ಟರು ಬಲಗಾಲಿನ ಮಂಡಿಚಿಪ್ಪಿನ ಮೇಲಂಚಿನಿಂದ ಒಂದು ಗೇಣು ಮೇಲಕ್ಕೆ ಹೋಗಿ ಟೇಪು ಸುತ್ತಿದರು. "ನಲವತ್ತೆಂಟು ಸೆಂಟಿಮೀಟರ್." ಎಡಗಾಲಿನಲ್ಲಿ ಊತದಡಿ ಅಂಚು ಕೈಗೆ ಸಿಗಲಿಲ್ಲ. ಊತ ಮುಗಿದ ಕಡೆಯಿಂದಲೇ ಗೇಣು ಹಾಕಿದರು. "ನಲವತ್ತೇಳೂವರೆ. ಸಮ." ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳುವ ಫಾರಂ ಮೇಲೆ ಸೀಲು ಬಿತ್ತು.

"ಎಡಗಾಲಿಂದು ಎರಡು ಬೆರಳು ಮೇಲೆ ಹಿಡಿದ್ರಿ ಡಾಕ್ಟ್ರೇ."

"ನೀವೇನು ಡಾಕ್ಟರಿಕೆ ಓದಿದೀರೇನಮ್ಮ?"

"ಇಲ್ಲ. ನಾನು ಹಿಂಗೆ ತೋಳು ಅಳೆದಿದ್ರೆ ಗಿರಾಕಿ ಶರ್ಟನ್ನ ನನ್ನ ಮುಖಕ್ಕೇ ಎಸೀತಿದ್ದ. ತೊಡೆ ಮೇಲಕ್ಕೆ ಹೋದಷ್ಟೂ ದಪ್ಪ. ಅಷ್ಟೂ ಗೊತ್ತಿಲ್ವಾ ನಿಮಗೆ?"

"ಅಕ್ಕಾ, ಬಿಡೇ," ತಮ್ಮ ಗೊಣಗಿದ.

"ನೀನು ಸುಮ್ನೆ ಮಲ್ಕೊಳೋ. ಕಾಲು ನಿಂದಾದ್ರೂ ನಾಳೆ ನಿನ್ನ ಎತ್ಕೊಂಡು ಬಚ್ಚಲಿಗೆ ಹೋಗೋಳು ನಾನು."

ಬ್ಲೌಸಿನೊಳಗಿಂದ ತನ್ನ ಟೇಪು, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ ತೆಗೆದಳು. ಸೊಂಟದ ಮೂಳೆಗೆ ಊತವಿಲ್ಲ, ಅದು ಎಲ್ಲೂ ಹೋಗುವುದಿಲ್ಲ. ಅಲ್ಲಿಂದ ಬಲಗಾಲಿನಲ್ಲಿ ಡಾಕ್ಟರು ಹಿಡಿದ ಜಾಗದವರೆಗೆ ಅಳೆದು ಚರ್ಮದ ಮೇಲೆ ಗೆರೆ ಎಳೆದಳು. ಅದೇ ಅಳತೆಯನ್ನು ಎಡಗಾಲಿಗೂ ಇಳಿಸಿದಳು. ಈ ಗೆರೆ ಡಾಕ್ಟರು ಹಿಡಿದ ಜಾಗಕ್ಕಿಂತ ಎರಡು ಬೆರಳು ಕೆಳಗೆ ಬಿತ್ತು. ಅದರ ಮೇಲೆ ಟೇಪು ಸುತ್ತಿದಳು, ಬಿಗಿಯಾಗಿಯೂ ಅಲ್ಲ, ಸಡಿಲವಾಗಿಯೂ ಅಲ್ಲ. ನಲವತ್ತನಾಲ್ಕು.

"ಓದ್ಕೊಳ್ಳಿ."

ಡಾಕ್ಟರು ಓದಲಿಲ್ಲ. "ಸೀಲು ಹಾಕಾಯ್ತಮ್ಮ."

"ನನ್ನ ಟೇಪು ನಂಬಬೇಡಿ, ನಿಮ್ಮದೂ ಬೇಡ. ಊತ ಯಾವುದು, ಕೊಬ್ಬು ಯಾವುದು, ಖಂಡ ಯಾವುದು ಅಂತ ಟೇಪಿಗೇನು ಗೊತ್ತು? ಸ್ಕ್ಯಾನ್ ಮಾಡಿಸಿ. ಒಳಗಿನ ಖಂಡ ಎಷ್ಟು ದಪ್ಪ ಅಂತ ಪರದೆ ಮೇಲೆ ಕಾಣುತ್ತೆ."

"ಕೂಲಿಯವರಿಗೆ ಸ್ಕ್ಯಾನ್ ನಿಯಮದಲ್ಲಿಲ್ಲ."

"ಮ್ಯಾನೇಜರು ಮೆಟ್ಟಿಲಿಂದ ಜಾರಿದಾಗ ಮಾಡಿಸಿದ್ರಲ್ಲ? ಅವರ ತೊಡೆಲಿ ಮಾಂಸ ಇದೆ, ನಮ್ಮ ಹುಡುಗನ ತೊಡೆಲಿ ಹತ್ತಿ ತುಂಬಿದೆಯಾ?"

ಬಾಗಿಲು ತೆರೆದೇ ಇತ್ತು. ಹೊರಗೆ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಹಮಾಲರಲ್ಲಿ ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಒಬ್ಬ ಬೆಂಚಿನಿಂದ ಎದ್ದ. ಕುಂಟುತ್ತ ಒಳಗೆ ಬಂದವನು ಎಲ್ಲರಿಗಿಂತ ಹಿರಿಯ. ಹೋದ ತಿಂಗಳು ಇದೇ ಮಂಚದ ಮೇಲೆ 'ಸಮ' ಅನ್ನಿಸಿಕೊಂಡು ಹೋದವನು.

ಅವನು ಪ್ಯಾಂಟು ಮಡಚತೊಡಗಿದ. "ತಾಯಿ, ನನ್ನ ಕಾಲಿಗೂ ಒಂದು ಗೆರೆ ಎಳೀರಿ."

ಅವನ ಹಿಂದೆ ಬೆಂಚು ಖಾಲಿಯಾಗಿತ್ತು. ಬಾಗಿಲು ತುಂಬ ಜನ, ಕೋಣೆಯಲ್ಲಿ ಗಾಳಿಯಾಡಲೂ ಜಾಗವಿರಲಿಲ್ಲ.

ಡಾಕ್ಟರು ಬಾಗಿಲು ನೋಡಿದರು, ನೀಲಿ ಗೆರೆ ನೋಡಿದರು. ಸೀಲಿನ ಮೇಲೆ ಅಡ್ಡಗೀಟು ಹಾಕಿ, ಪಕ್ಕದಲ್ಲಿ 'ಸ್ಕ್ಯಾನ್ ಆಗುವವರೆಗೆ ಭಾರ ಹೊರುವಂತಿಲ್ಲ' ಎಂದು ಬರೆದರು.

ಟೈಲರಮ್ಮ ಫಾರಂ ಎರಡು ಸಲ ಓದಿ ತಮ್ಮನ ಕೈಗಿತ್ತಳು. ಆಮೇಲೆ ಹಿರಿಯನ ಕಡೆ ತಿರುಗಿದಳು.

"ಮಲ್ಕೊಳಣ್ಣ. ಯಾವ ಕಾಲು?"