ಕೆಲಸವನ್ನು ಒಪ್ಪಿಸಿ ಮನೆಗೆ ಬನ್ನಿ

ಹನುಮಂತನಗರದ ಶಶಿಕಾಂತ ಒಂದು ಟೈಲ್ಸ್ ಅಂಗಡಿಯಲ್ಲಿ ಸರಕು ಕಳಿಸುವ ಕೆಲಸ ನೋಡಿಕೊಳ್ಳುತ್ತಿದ್ದ. ಸಂಜೆ ಮನೆಗೆ ಬಂದರೂ ಅಂಗಡಿ ಅವನ ಜೇಬಿನಲ್ಲೇ ಇರುತ್ತಿತ್ತು. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಸದ್ದಾದರೆ ಸಾಕು, ಬಾಯಿಗಿಡುವ ತುತ್ತು ಅರ್ಧಕ್ಕೇ ನಿಲ್ಲುತ್ತಿತ್ತು. ತಕ್ಷಣ ಉತ್ತರ ಕೊಡದಿದ್ದರೆ ಕೆಲಸ ಹೋದೀತೆಂಬ ಭಯ.

ಒಂದು ಸಂಜೆ ಸ್ನಾನ ಮುಗಿಸಿ ಲಿಂಗಪೂಜೆಗೆ ಕುಳಿತಿದ್ದ. ಎಡ ಅಂಗೈಯಲ್ಲಿ ಇಷ್ಟಲಿಂಗ, ಮಣೆಯ ಪಕ್ಕದಲ್ಲಿ ಮೊಬೈಲು. ಅದು ಗುರ್ರೆಂದಿತು. ಗಾಡಿ ಓಡಿಸುವ ಯುವರಾಜ್ ಏನೋ ಕೇಳಿದ್ದ. ಪೂರ್ತಿ ಓದದೆ, ಬಲಗೈ ಹೆಬ್ಬೆರಳಲ್ಲೇ ‘ಸರಿ’ ಎಂದು ಕಳಿಸಿ ಕಣ್ಣು ಮುಚ್ಚಿದ.

ಮೊಬೈಲಿಗೆ ಮೆತ್ತಿದ್ದ ವಿಭೂತಿಯನ್ನು ತಾಯಿ ಮೀನಾಕ್ಷಮ್ಮ ಆಮೇಲೆ ನೋಡಿದರು. “ಅದಕ್ಕೂ ಹಚ್ಚಿದ್ಯಾ? ಬಿಡು, ನೀನು ಪೂಜೆ ಮಾಡೋದು ಅದನ್ನೇ ತಾನೆ.”

ಮರುದಿನ ಅಂಗಡಿಯ ಮಾಲೀಕ ಚಿದಾನಂದ್ ಅವನನ್ನು ಕರೆದರು. “ತ್ಯಾಗರಾಜನಗರದ ಮನೆಗೆ ಬೀಗ ಹಾಕಿದೆ, ಟೈಲ್ಸ್ ರಸ್ತೇಲೇ ಇಳಿಸಿ ಬರ್ಲಾ ಅಂತ ಯುವರಾಜ್ ಕೇಳಿದ್ದಾನೆ. ನೀವು ಸರಿ ಅಂದಿದೀರ. ಯಾರದ್ದೋ ಕಾರು ರಿವರ್ಸ್ ಬಂದು ಎಲ್ಲಾ ಪುಡಿ ಮಾಡಿದೆ. ಇನ್ನೊಂದು ಸಲ ಹಿಂಗಾದ್ರೆ ಬೇರೆಯವರನ್ನ ನೋಡ್ಕೋಬೇಕಾಗತ್ತೆ ಶಶಿಕಾಂತ್.”

ಕೆಲಸ ಉಳಿಸಿಕೊಳ್ಳಲು ಕೊಟ್ಟ ಉತ್ತರವೇ ಕೆಲಸಕ್ಕೆ ಕುತ್ತು ತಂದಿತ್ತು.

ಸಂಜೆ ಪಕ್ಕದ ಮನೆಯ ಕಲ್ಯಾಣಿ ಕರಿಬೇವು ಕೇಳಲು ಬಂದಳು. ಆಕೆ ಜಯನಗರದ ಆಸ್ಪತ್ರೆಯೊಂದರಲ್ಲಿ ನರ್ಸು. ಮೀನಾಕ್ಷಮ್ಮನವರಿಂದ ಸಂಗತಿ ತಿಳಿದು ಕೇಳಿದಳು: “ಹೊರಡೋವಾಗ ಕೆಲಸ ಯಾರಿಗೆ ಒಪ್ಪಿಸಿ ಬರ್ತೀರ ಅಣ್ಣ?”

“ಯಾರಿಗೆ ಒಪ್ಪಿಸೋದು? ಎಲ್ಲಾ ನನ್ನ ತಲೇಲೇ ಇರತ್ತೆ.”

“ಅದಕ್ಕೇ ಅದು ಮನೆ ತನಕ ಬರತ್ತೆ. ನಾವು ಮುಂದಿನ ಡ್ಯೂಟಿಯವರಿಗೆ ಎಲ್ಲಾ ಹೇಳಿ, ಒಪ್ಪಿಸಿ ಬರ್ತೀವಿ. ಅಷ್ಟು ಜೀವಗಳನ್ನೇ ಬಿಟ್ಟು ಬರ್ತೀವಲ್ಲ, ನಿಮ್ಮ ಟೈಲ್ಸ್‌ಗೆ ಉಸಿರು ಕಟ್ಟತ್ತಾ?”

“ಮಾಲೀಕರು ಒಪ್ಪಬೇಕಲ್ಲ?”

“ಕೇಳಿದೀರಾ?”

ಶಶಿಕಾಂತ ಒಮ್ಮೆಯೂ ಕೇಳಿರಲೇ ಇಲ್ಲ.

ಬೆಳಿಗ್ಗೆ ಧೈರ್ಯ ಮಾಡಿ ಹೇಳಿದ: “ಸಾರ್, ಹೊರಡೋಕೆ ಮುಂಚೆ ಯಾವ ಲೋಡು ಎಲ್ಲಿಗೆ, ಬೀಗ ಇದ್ರೆ ಏನು ಮಾಡ್ಬೇಕು ಅಂತ ಯುವರಾಜ್‌ಗೆ ಎಲ್ಲಾ ಹೇಳಿ ಹೋಗ್ತೀನಿ. ಮನೆಗೆ ಹೋದ್ಮೇಲೆ ಗ್ರೂಪ್ ನೋಡಲ್ಲ. ತೀರಾ ಅರ್ಜೆಂಟಾದ್ರೆ ಫೋನ್ ಮಾಡಿ, ಖಂಡಿತ ತಗೋತೀನಿ.”

ಚಿದಾನಂದ್ ಅವನತ್ತ ತಿರುಗಿದರು. “ಇದನ್ನ ಮೊದಲೇ ಹೇಳಬಾರದಾಗಿತ್ತಾ? ನೀವು ಉತ್ತರ ಕೊಡ್ತಿದ್ರಿ, ನಾವು ಕೇಳ್ತಿದ್ವಿ. ಆಗಲಿ, ಹಂಗೇ ಮಾಡಿ. ಆದ್ರೆ ಫೋನ್ ಮಾತ್ರ ತಗೋಬೇಕು.”

ಮೊದಲ ಸಂಜೆ ಅವನಿಗೆ ಕೈ ಕಡಿಯುತ್ತಿತ್ತು. ಆದರೂ ಗ್ರೂಪು ತೆರೆಯಲಿಲ್ಲ. ಫೋನೂ ಬರಲಿಲ್ಲ. ಬೆಳಿಗ್ಗೆ ನೋಡಿದರೆ ಗ್ರೂಪಿನ ತುಂಬ ಪ್ರಶ್ನೆಗಳಿದ್ದವು. ಅವುಗಳ ಕೆಳಗೆ ಉತ್ತರಗಳೂ ಇದ್ದವು; ಕೇಳಿದವರೇ ತಮ್ಮತಮ್ಮಲ್ಲಿ ಮಾತಾಡಿ ಬಗೆಹರಿಸಿಕೊಂಡಿದ್ದರು. ಯುವರಾಜನ ಲೋಡು ಅಂಜನಾಪುರದಲ್ಲಿ ಗೇಟಿನ ಒಳಗೇ ಇಳಿದಿತ್ತು.

ಓದುಗರೇ, ಅರ್ಧ ಗಮನದಲ್ಲಿ ಕೊಡುವ ಉತ್ತರದಿಂದ ಕೆಲಸ ಕೆಡುತ್ತದೆ, ಮನೆಯ ನೆಮ್ಮದಿಯೂ ಕೆಡುತ್ತದೆ. ನಾಳೆ ಹೊರಡುವ ಮುನ್ನ ಬಾಕಿ ಕೆಲಸವನ್ನು ಒಬ್ಬರಿಗೆ ಒಪ್ಪಿಸಿ, ಯಾವುದಕ್ಕೆ ಫೋನ್ ಮಾಡಬೇಕೆಂದು ತಿಳಿಸಿ ಬನ್ನಿ. ನೀವೇ ಕೆಲಸ ಕೊಡುವವರಾದರೆ, ನಿಮ್ಮವರು ಕೇಳುವವರೆಗೆ ಕಾಯಬೇಡಿ. ಸಂಜೆ ಕಳಿಸುವಾಗ ಒಂದು ಮಾತು ಹೇಳಿ: “ಹೋಗಿ ಬನ್ನಿ, ಉಳಿದದ್ದು ನಾಳೆ ನೋಡೋಣ.”