ಮುದುಕಿ ಮೂರು ಸಲ ಕೇಳಿದ್ದು

ಈ ಕಥೆಯನ್ನು ಎಲ್ಲಿಂದ ಶುರುಮಾಡುವುದು? ಆಫೀಸಿನ ಮೆಟ್ಟಿಲು ಹತ್ತುತ್ತ ಅವಳು ತನಗೆ ತಾನೇ ಹೇಳಿಕೊಂಡ ಮಾತಿನಿಂದ ಆಗಬಹುದೇ? ‘ನಾನು ಸುಮ್ಮನಿದ್ದರೆ ಎಲ್ಲರೂ ಒಪ್ಪಿಗೆ ಅಂದ್ಕೊಳ್ತಾರೆ. ಇಷ್ಟರಲ್ಲಿ ಯಾವುದಕ್ಕೆಲ್ಲ ಒಪ್ಪಿಬಿಟ್ಟಿದ್ದೀನೋ!’

(ಇಷ್ಟೇನಾ ಚಿಂತೆ ಎಂದು ಮೂಗು ಮುರಿಯಬೇಡಿ. ಇದಕ್ಕಿಂತ ದೊಡ್ಡದು ನನ್ನ ಬಳಿ ಸ್ಟಾಕ್ ಇಲ್ಲ.)

೧

‘ಶತಮಾನಗಳ ಹಿಂದೆ ಒಬ್ಬ ಭಿಕ್ಷು, ಬೆನ್ನಿನ ಮೇಲೆ ಸೂತ್ರಗಳ ಗಂಟು ಹೊತ್ತು ಮರುಭೂಮಿ ದಾಟಿ…’

ಬೇಡ. ಅವನು ದಾಟಿ ಬರುವಷ್ಟರಲ್ಲಿ ನೀವು ಪುಟ ಮಗುಚಿರುತ್ತೀರಿ.

೨

ಎರಡನೇ ಮಹಡಿ, ನಾಲ್ಕು ಮೇಜು, ಸೀಟಿ ಹೊಡೆಯುವ ಒಂದು ಕೆಟಲ್. ಇಲ್ಲಿ ಬೌದ್ಧ ಧರ್ಮದ ಆದಿಕಾಲದ ಸೂತ್ರಗಳು, ಅಂದರೆ ಬುದ್ಧನ ಉಪದೇಶ-ಸಂವಾದಗಳು, ಹಳೆಯ ಚೀನೀ ಭಾಷೆಯಿಂದ ಇಂಗ್ಲಿಷಿಗೆ ಬರುತ್ತವೆ. ಮೊದಲ ಅನುವಾದ ಆಗ ಮೆಟ್ಟಿಲು ಹತ್ತುತ್ತಿದ್ದವಳದು; ಎಲ್ಲರ ಬಾಯಲ್ಲಿ ಅವಳು ಗುಬ್ಬಿ. ತಿದ್ದುವ ಪೆನ್ಸಿಲ್ ಸಂಪಾದಕರದು. ಅಲ್ಪವಿರಾಮಗಳ ಬೇಟೆ ಪ್ರೂಫ್ ಅಕ್ಕನದು.

ಸಂಪಾದಕರು ಭಿಕ್ಷುಗಳ ಸಭೆಯ ಹಳೆಯ ಪದ್ಧತಿಯೊಂದನ್ನು ಆಫೀಸಿಗೂ ತಂದಿದ್ದರು. ಅನುವಾದವನ್ನು ಗಟ್ಟಿಯಾಗಿ ಓದಿ, ‘ಒಪ್ಪುವವರು ಸುಮ್ಮನಿರಿ, ಒಪ್ಪದವರು ಮಾತಾಡಿ’ ಎಂದು ಮೂರು ಸಲ ಕೇಳುವುದು. ಎಲ್ಲರೂ ಸುಮ್ಮನಿದ್ದರೆ ಪಾಸ್.

“ಸಂಘದಲ್ಲಿ ಹೀಗೇ ನಡೀತಿತ್ತು,” ಎನ್ನುತ್ತಿದ್ದರು, ಹೆಮ್ಮೆಯಿಂದ.

“ಸಂಘದಲ್ಲಿ ಮಧ್ಯಾಹ್ನದ ಮೇಲೆ ಊಟಾನೂ ಇರ್ಲಿಲ್ಲ ಸರ್,” ಎನ್ನುತ್ತಿದ್ದಳು ಅಕ್ಕ. “ಅದನ್ನೂ ತರ್ತೀರಾ?”

೩

ಇಂದಿನ ಸೂತ್ರದಲ್ಲಿ ನೀರು ಹೊರುವ ಮುದುಕಿಯೊಬ್ಬಳು ಬುದ್ಧನನ್ನು ಕೇಳುತ್ತಾಳೆ: ‘ಸ್ವಾಮಿ, ನನ್ನಂಥವಳಿಗೂ ಈ ಧರ್ಮ ತಿಳಿದೀತೇ?’ ಅವನು ಸುಮ್ಮನಿರುತ್ತಾನೆ. ಅದೇ ಮಾತಿನಲ್ಲಿ ಮತ್ತೆ ಕೇಳುತ್ತಾಳೆ. ಆಗಲೂ ಸುಮ್ಮನೆ. ಮೂರನೆಯ ಸಲ ಕೇಳಿದಾಗ, ಕೂರಲು ಹೇಳಿ ಉತ್ತರಿಸುತ್ತಾನೆ.

ಗುಬ್ಬಿ ಮೂರನ್ನೂ ಅನುವಾದಿಸಿದ್ದಳು. ಸಂಪಾದಕರ ಪೆನ್ಸಿಲ್ ಎರಡನ್ನು ಹೊಡೆದುಹಾಕಿ, ‘ಹೀಗೆ ಮೂರು ಸಲ ಕೇಳಿದಳು’ ಎಂದು ಸೇರಿಸಿತ್ತು.

“ಓದೋರಿಗೆ ತಾಳ್ಮೆ ಇಲ್ಲಮ್ಮಾ. ಹೇಳಿದ್ದನ್ನೇ ಹೇಳಿದ್ರೆ ಪುಸ್ತಕ ಮುಚ್ಚಿಡ್ತಾರೆ.”

ಗುಬ್ಬಿ ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ಅವಳಿಗೇ ಗೊತ್ತಾಗಲಿಲ್ಲ. ಉತ್ತರವೇ ಇಲ್ಲದಿದ್ದರೂ ಹಿಂದೆ ಸರಿಯದೆ ನಿಂತ ಆ ಮುದುಕಿ ಅವಳಿಗೆ ವಾರವಿಡೀ ಜೊತೆಯಾಗಿದ್ದಳು. ಸಂಜೆ ಪುಸ್ತಕ ಅಚ್ಚಿಗೆ ಹೋಗುತ್ತದೆ. ಆಮೇಲೆ ಓದುವವರ ಕಿವಿಗೆ ಮುದುಕಿ ಒಂದೇ ಸಲ ಕೇಳಿದವಳು.

ಅಂತ್ಯ ಒಂದು

ಗುಬ್ಬಿ ಎದ್ದು ಮೇಜು ಗುದ್ದಿ ಗುಡುಗಿದಳು.

“ನಂಗೆ ಮೇಜು ಗುದ್ದೋಕೆ ಬರಲ್ಲ ಕಣೇ,” ಎಂದಳು ಅವಳು, ಬರೆಯುತ್ತಿದ್ದ ನನಗೆ. “ನಿಂಗೆ ಬರುತ್ತಾ?”

ಬರುವುದಿಲ್ಲ. ಹೊಡೆದುಹಾಕಿದೆ.

ಅಂತ್ಯ ಎರಡು

ಸಂಪಾದಕರೇ ಪೆನ್ಸಿಲ್ ಕೆಳಗಿಟ್ಟು, ‘ಛೆ, ತಪ್ಪು ನಂದೇ’ ಎಂದರು.

(ಪ್ರೂಫ್ ಅಕ್ಕ ನನ್ನ ಕಾಗದದೊಳಗಿನಿಂದಲೇ ನಕ್ಕಳು: “ಹುಟ್ಟಿದಾಗಿನಿಂದ ಆಡದ ಮಾತನ್ನ ಸರ್ ನಿನ್ನ ಕಥೆಗೋಸ್ಕರ ಆಡ್ತಾರಾ? ಬೇರೆ ಏನಾದ್ರೂ ನೋಡು ತಾಯಿ.”)

ಹಾಗಾದರೆ

ಸಂಪಾದಕರು ಓದಿ ಮುಗಿಸಿದರು. “ಒಪ್ಪುವವರು ಸುಮ್ಮನಿರಿ, ಒಪ್ಪದವರು ಮಾತಾಡಿ.”

ಗುಬ್ಬಿ ತನ್ನ ಚಪ್ಪಲಿ ನೋಡಿದಳು.

“ಒಪ್ಪುವವರು ಸುಮ್ಮನಿರಿ, ಒಪ್ಪದವರು ಮಾತಾಡಿ.”

“ಗುಬ್ಬೀ, ಉಸಿರಾಡ್ತಿದ್ದೀಯಾ?” ಎಂದಳು ಅಕ್ಕ, ಮೆಲ್ಲಗೆ.

(ಇದನ್ನೂ ಒಂದೇ ಸಾಲಿನಲ್ಲಿ ಮುಗಿಸಬಹುದಿತ್ತು. ಮುಗಿಸುವುದಿಲ್ಲ.)

“ಒಪ್ಪುವವರು ಸುಮ್ಮನಿರಿ, ಒಪ್ಪದವರು—”

“ಸರ್, ನಂಗೆ ಒಪ್ಪಿಗೆ ಇಲ್ಲ.”

ಕೆಟಲ್ ಕೂಡ ಸೀಟಿ ನಿಲ್ಲಿಸಿತು ಎಂದು ಬರೆಯುವ ಆಸೆಯಿದೆ, ಸುಳ್ಳಾಗುತ್ತದೆ. ಅದು ಹೊಡೆಯುತ್ತಲೇ ಇತ್ತು. ಸಂಪಾದಕರು ಕನ್ನಡಕ ತೆಗೆದರು. ಇಷ್ಟು ದಿನದಲ್ಲಿ ಮೊದಲ ಸಲ ಅವರ ಪದ್ಧತಿಗೆ ಯಾರೋ ಉತ್ತರ ಕೊಟ್ಟಿದ್ದರು. ಸಿಟ್ಟೋ ಸಂತೋಷವೋ, ಅವರ ಮುಖ ಇನ್ನೂ ಆಯ್ದುಕೊಂಡಿರಲಿಲ್ಲ.

“ಯಾಕಮ್ಮಾ?”

ಆ ಎರಡು ಸಾಲು ಪುಸ್ತಕಕ್ಕೆ ಮರಳಿದವೇ? ಸಂಪಾದಕರನ್ನೇ ಕೇಳಿ, ನನ್ನ ಪೆನ್ನನ್ನು ಗುಬ್ಬಿ ಕಿತ್ತುಕೊಂಡಾಗಿದೆ. ಈಗ ಅವಳೇ ಮಾತಾಡುತ್ತಿದ್ದಾಳೆ:

“ನೀವು ಒಂದೇ ಸಲ ಕೇಳಿದ್ರೆ, ನಾನು ಇವತ್ತೂ ಸುಮ್ನೇ ಇರ್ತಿದ್ದೆ ಸರ್.”