ಲಿಂಬಿಕಾಯಿ ಕಳಕಮ್ಮ ಕಂಡ ಕರಿ ಬೆನ್ನು

ಉಬ್ಬಿತು ನೋಡು, ಹಂಚಿನ ಮೇಲಿನ ರೊಟ್ಟಿ, ಒಂದು ಮಗ್ಗುಲಿಂದ ಮೆಲ್ಲಗೆ ಬೆನ್ನೆತ್ತಿತು, ಹಸಿಬಟ್ಟೆ ಸವರಿದ ಕಡೆಯಿಂದ ಹಬೆ ಎದ್ದಿತು, ಆ ಹಬೆಯೊಳಗೆ ಮತ್ತೆ ಅದೇ — ಕರಿ ಬೆನ್ನು, ಎಣ್ಣೆ ಸವರಿದಂಥ ಕರಿ ಬೆನ್ನು, ಎದ್ದಿತು, ಬಾಗಿತು, ಮುಳುಗಿತು — ಅಯ್ಯ, ಸೀದುಹೋಗುತ್ತೆ, ತಿರುವಿ ಹಾಕು, ನಿನ್ನೆ ಇಷ್ಟು ಹೊತ್ತಿಗೆ ಕಾರವಾರದ ಸಮುದ್ರದ ಮೇಲಿದ್ದ ಕೈ ಇವತ್ತು ಕುಷ್ಟಗಿಯ ಅಡುಗೆಮನೆಯಲ್ಲಿ ಜೋಳದ ಹಿಟ್ಟು ನಾದುತ್ತಿದೆ, ಕಾಲ ಕೆಳಗಿನ ನೆಲ ಇನ್ನೂ ತೂಗುತ್ತಿದೆ, ತೂಗಲಿ, ಹೊಟ್ಟೆ ತಣ್ಣಗಿದೆ, ನನ್ನ ಹೊಟ್ಟೆ, ಈ ಕಳಕಮ್ಮನ ಹೊಟ್ಟೆ! ಹೊರಗೆ ಕಟ್ಟೆಯ ಮೇಲೆ ನಮ್ಮವರ ದನಿ, ಮೂವತ್ತೆರಡು ವರ್ಷ ಬಸ್ಸಿನ ಇಂಜಿನ್ ಸದ್ದಿನ ಮೇಲೆ ದನಿ ಏರಿಸಿ ಏರಿಸಿ ಈಶಪ್ಪ ಡ್ರೈವರಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿದೆ, ಅವರೆದುರು ಕೂತವನು ಕಲ್ಲೇಶ, ಅವರ ಗಾಡಿಯಲ್ಲೇ ಕಂಡಕ್ಟರ್ ಆಗಿದ್ದವನು, ಏನ್ ಹೇಳ್ಲೋ ಕಲ್ಲೇಶಾ, ನೀರಾಗಿಂದ ಬುಳಕ್ ಅಂತ ಎದ್ದು ಹಿಂಗ ಬಾಗಿ, ತಾವರಗೇರಿ ಕೆರ್‍ಯಾಗ ಎಮ್ಮಿ ಬೆನ್ನು ನೋಡಿಯಲ್ಲ, ಥೇಟ್ ಹಂಗ — ಎಮ್ಮೆ ಬೆನ್ನು! ಅದು ನನ್ನ ಮಾತು, ಬರುವಾಗ ಬಸ್ಸಿನಲ್ಲಿ ನಾನು ಹೇಳಿದ ಮಾತು, ಒಂದಕ್ಷರ ಬಿಡದೆ ಕದ್ದರಲ್ಲ ಮಹಾರಾಯರು, ಡಾಲ್ಫಿನ್ ಕಂಡವಳು ನಾನು, ಅವರು ಕಂಡಿದ್ದು ದೋಣಿಯ ಅಂಚು, ಅಂಚಿನಾಚೆ ತಾವೇ ಕಕ್ಕಿದ ಪುರಿ ಬಾಜಿ. ಪಕ್ಕದ ಮನೆ ಪಕ್ಕೀರವ್ವ ಬಾಯಿ ಹಾಕಿದಳು ನೋಡು, ಪಾಪ, ನಮ್ಮ ಲಿಂಬಿಕಾಯಿ ಕಳಕಮ್ಮ ಏನ್ ನೋಡಿರ್ತಾಳ ಬಿಡ್ರಿ, ದೋಣ್ಯಾಗ ಬಗ್ಗಿಸಿದ ತಲಿ ದಂಡಿ ಮುಟ್ಟಿದ ಮ್ಯಾಲೇ ಎತ್ತಿರಬೇಕು — ಎಲ್ಲರೂ ನಕ್ಕರು. ನಮ್ಮವರು ಹ್ಞೂಂ ಅನ್ನಲಿ ನೋಡೋಣ, ಇವತ್ತು ಅವರಿಗೆ ರೊಟ್ಟಿ ಇಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಹೊತ್ತ ಹೆಸರು ಅದು, ಇಳಿಸಿ ಬರಬೇಕೆಂದೇ ಸಮುದ್ರಕ್ಕೆ ಹೋದದ್ದು, ಇಳಿಸಿಯೂ ಬಂದೆ, ಆದರೆ ಈ ಊರಲ್ಲಿ ಅದಕ್ಕೆ ಸಾಕ್ಷಿ ಅಂತ ಇರುವವರು ಅವರೊಬ್ಬರೇ.

ಹೆಸರು ಬಿದ್ದದ್ದು ಮದುವೆಯ ದಿನವೇ, ತವರುಮನೆ ತಾವರಗೇರಾದಿಂದ ಕುಷ್ಟಗಿ ಎಷ್ಟು ದೂರ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಬರುವ ದಾರಿ, ಮುಚ್ಚಿದೆ, ತೆರೆಯುವುದರೊಳಗೆ ವಾಂತಿಯಾಗಿ ಮದುಮಗನ ಹೊಸ ರುಮಾಲು ಹಾಳಾಗಿತ್ತು, ಅತ್ತೆ ಹಣೆ ಹಣೆ ಬಡಿದುಕೊಂಡಳು, ಡ್ರೈವರನ ಹೇಣ್ತಿ ಆಗಾಕ ಇಂಥಾಕೀನ ಸಿಗಬೇಕಿತ್ತಾ ನಮಗ, ಅವರು ಮಾತ್ರ ತುಟಿ ಪಿಟಕ್ಕೆನ್ನದೆ ಕೈಯಲ್ಲಿದ್ದ ಕಟಾರಿಯ ತುದಿಯಿಂದ ಲಿಂಬೆಹಣ್ಣು ಕಿತ್ತರು, ದೃಷ್ಟಿಯಾಗದಿರಲಿ ಎಂದು ಮದುಮಗನಿಗೆ ಹಿಡಿಸಿದ ಹಣ್ಣು, ತಗೋ, ಮೂಸ್ಕೊಂತ ಕುಂಡ್ರು ಅಂದರು, ಹಿಂದಿನ ಸೀಟಿನ ಹೆಂಗಸರು ಕಿಸಕ್ಕೆಂದರು, ಲಿಂಬಿಕಾಯಿ ಕಳಕಮ್ಮ ಹುಟ್ಟಿದ್ದು ಹೀಗೆ. ಯಾವ ಊರಿಗೆ ಹೋದರೂ ದಾರಿ ಹೇಗಿತ್ತೆಂದು ನನ್ನನ್ನು ಕೇಳಬಾರದು, ಕಣ್ಣು ಬಿಗಿಮುಚ್ಚಿ, ಸೆರಗು ಬಾಯಿಗೊತ್ತಿ, ಕೊಪ್ಪಳಕ್ಕೆ ಹೋದದ್ದೂ ಹಾಗೆ, ಯಲಬುರ್ಗಾಕ್ಕೆ ಹೋದದ್ದೂ ಹಾಗೆ. ಅವರೋ ಕಾರವಾರದ ವಸ್ತಿ ಗಾಡಿಯ ಡ್ರೈವರು, ಸಂಜೆ ಮುಟ್ಟಿ ಬೆಳಿಗ್ಗೆ ಆರಕ್ಕೆ ಹೊರಳಬೇಕು, ಬಂದರಿನ ಮಂದಿ ದಿನಾ ಹೇಳುತ್ತಿದ್ದರಂತೆ, ಬಿಸಿಲು ಸ್ವಲ್ಪ ಏರಲಿ ಡ್ರೈವರ್ರೇ, ಡಾಲ್ಫಿನ್ ಬರ್ತವೆ, ಏರುವ ಹೊತ್ತಿಗೆ ಇವರು ಘಟ್ಟ ಹತ್ತುತ್ತಿದ್ದರು, ಮೂವತ್ತೆರಡು ವರ್ಷ ಸಮುದ್ರದ ಬಾಯಲ್ಲಿ ಮಲಗೆದ್ದು ಒಂದು ಬಾಲವನ್ನೂ ಕಾಣಲಿಲ್ಲ ಪುಣ್ಯಾತ್ಮ. ರಿಟೈರ್ ಆದಮ್ಯಾಲೆ ಇಬ್ಬರೂ ಕೂಡೇ ನೋಡೂಣು ಅಂದಿದ್ದರು, ನಾ ಅಲ್ಲಿ ಏನ್ ನೋಡ್ಲಿ, ನನ್ನ ಸೆರಗ ನೋಡ್ಬೇಕು ಅಂದಿದ್ದೆ, ನಗುತ್ತಲೇ ಅಂದೆ, ಒಳಗೆ ಮಾತ್ರ ಆಸೆ ಇತ್ತು, ಕಣ್ಣು ತೆರೆದುಕೊಂಡು ಒಂದನ್ನಾದರೂ ನೋಡಬೇಕು ಎಂಬ ಆಸೆ, ಅದನ್ನು ಯಾರಿಗೆ ಹೇಳುವುದು.

ಅವರು ರಿಟೈರ್ ಆಗಿ ಕಾರವಾರಕ್ಕೆ ಹೋಗುವುದೇ ಎಂದಾದ ಮೇಲೆ ಶುರುವಾಯಿತಲ್ಲ ಮದ್ದಿನ ಮೆರವಣಿಗೆ, ಒಣಶುಂಠಿ, ಪೆಪ್ಪರಮಿಂಟು, ಕುಂಡಿಯ ಕೆಳಗೆ ಪೇಪರ್ ಹಾಸಿಕೊಂಡು ಕೂಡುವುದು, ಔಷಧ ಅಂಗಡಿಯವನು ಕೊಟ್ಟ ಹಳದಿ ಗುಳಿಗೆ, ಅದನ್ನು ನುಂಗಿ ಕಟ್ಟೆಯ ಮೇಲೆ ಮಧ್ಯಾಹ್ನದತನಕ ಗೊರಕೆ ಹೊಡೆದೆ, ಡಾಲ್ಫಿನ್ ಬಂದು ಎಬ್ಬಿಸಿದ್ದರೂ ಏಳುತ್ತಿರಲಿಲ್ಲ, ಎದುರುಮನೆ ಹಸೀನಾಬೇಗಂ ಹೇಳಿದ್ದೇ ನಿಜವಾಯಿತು ಕೊನೆಗೆ, ಖಾಲಿ ಹೊಟ್ಟೀಲೆ ಹೋಗಬ್ಯಾಡ್ರಿ ಕಳಕಮ್ಮಾ, ಎಣ್ಣಿದೂ ತಿನಬ್ಯಾಡ್ರಿ, ಒಣ ಕಟಕ ರೊಟ್ಟಿ ಕಟ್ಕೊಂಡು ಹೋಗ್ರಿ, ಮುರಕೊಂತ ತಿನಕೊಂತ ಕುಂಡ್ರ್ರಿ. ಆದರೂ ಧೈರ್ಯ ಸಾಲಲಿಲ್ಲ, ಮೊದಲು ಹರಿಗೋಲಿನಾಗ ಕುಂತು ರೂಢಿ ಮಾಡ್ಕೋ ಎಂದು ಅವರೇ ಗಂಗಾವತಿಗೆ, ತಂಗಿ ಅನ್ನಪೂರ್ಣಳ ಮನೆಗೆ ಕರೆದುಕೊಂಡು ಹೋದರು, ಅಲ್ಲಿಂದ ಆನೆಗುಂದಿ, ಹೊಳೆ, ಬುಟ್ಟಿಯಂಥ ಹರಿಗೋಲು, ಹುಟ್ಟು ಹಾಕುವವನು ನಮ್ಮನ್ನು ಫೋಟೋ ತೆಗೆಯುವ ಪ್ಯಾಟಿ ಮಂದಿ ಅಂದುಕೊಂಡನೋ ಏನೋ, ಗರಗರ ತಿರುಗಿಸಿಯೇಬಿಟ್ಟ, ಬೆಳಗಿನ ಉಪ್ಪಿಟ್ಟು ತುಂಗಭದ್ರೆಯ ಪಾಲು, ಎರಡನೇ ಸಲ ಹತ್ತುವಾಗಲೇ ಕೈಮುಗಿದೆ, ತಿರಗಸಬ್ಯಾಡಪ್ಪಾ ನಿನ್ನ ಕಾಲಿಗಿ ಬೀಳ್ತೀನಿ, ದಂಡೆಯ ಮೇಲೆ ನಿಂತು ನಮ್ಮವರು ಕೂಗುತ್ತಿದ್ದರು, ತಲಿ ಎತ್ತು, ದೂರ ನೋಡು, ಗಾಲಿ ಮುಂದಿಂದು ನೋಡಿದ್ರ ತಲಿ ತಿರಗತೈತಿ, ಎತ್ತಿದೆ, ನೋಡಿದೆ, ಕಲ್ಲಿನ ಮೇಲೆ ಕಲ್ಲು ಕೂತ ಗುಡ್ಡ, ಅಲುಗದ ಗುಡ್ಡ, ನೀರು ಏನಾದರೂ ಮಾಡಿಕೊಳ್ಳಲಿ ಗುಡ್ಡ ಅಲ್ಲೇ ಇತ್ತು, ಹೊಟ್ಟೆಯೂ ಇದ್ದಲ್ಲೇ ಇತ್ತು, ಯಪ್ಪಾ ಎಷ್ಟು ಹಿಗ್ಗಿದೆನೋ. ಆದರೆ ಅವರು ಮಾತ್ರ ಹರಿಗೋಲು ಹತ್ತಲಿಲ್ಲ, ನಾ ದಂಡೀ ಮ್ಯಾಲಿಂದ ನೋಡ್ಕೋತೀನಿ ಅಂದರು, ಆಗಲೇ ತಿಳಿಯಬೇಕಿತ್ತು ನನಗೆ, ತಾವು ಓಡಿಸದ ಗಾಡಿಯಲ್ಲಿ ಆ ಮನುಷ್ಯ ಯಾವತ್ತು ಕೂತಿದ್ದರು, ನೆಂಟರ ಮದುವೆಯ ಟೆಂಪೋದಲ್ಲೂ ಡ್ರೈವರನನ್ನು ಅತ್ತ ಸರಿಸಿ ತಾವೇ ಸ್ಟೇರಿಂಗು ಹಿಡಿಯುವವರು, ಕಾರವಾರದ ಬಸ್ಸಿನಲ್ಲೂ ಹಳೇ ಸಲಿಗೆಯಿಂದ ಇಂಜಿನ್ ಪಕ್ಕ ಕೂತು ಘಟ್ಟದ ತಿರುವಿನಲ್ಲೆಲ್ಲ ಇಲ್ಲದ ಬ್ರೇಕು ಒತ್ತುತ್ತಿದ್ದರು. ನನಗೆ ಆ ಘಟ್ಟದಲ್ಲಿ ಮೂರು ಸಲ ಆಯಿತು, ಸುಳ್ಳೇಕೆ ಹೇಳಲಿ, ಅದು ಬಸ್ಸು, ಬಸ್ಸಿನ ಮಾತು ಬೇರೆ.

ಬೆಳಿಗ್ಗೆ ಬಂದರಿನ ಹೋಟೆಲಿನಲ್ಲಿ ನಾನು ಕಟಕ ರೊಟ್ಟಿ ಮುರಿಯುತ್ತ ಕೂತೆ, ಅವರು ಎರಡು ಪ್ಲೇಟು ಪುರಿ ಬಾಜಿ, ಮೇಲೆ ಎರಡು ಚಹಾ, ನನಗೇನಾಗತೈತಿ, ನಾ ಡ್ರೈವರ, ದೋಣಿಯವನು ಮೊದಲು ಕೇಳಿದ್ದೇ, ಯಾರಿಗೆ ವಾಂತಿ ಆಗ್ತದೆ, ಅವರ ಬೆರಳು ಟಕ್ಕನೆ ನನ್ನ ಕಡೆ, ಹಾಗಾದ್ರೆ ಅಮ್ಮ ಹಿಂದೆ ನನ್ನ ಹತ್ರ ಕೂತ್ಕೊಳ್ಳಿ, ಮುಂದೆ ಎತ್ತಿ ಹಾಕ್ತದೆ, ಮುಂದಿನ ಸೀಟು ಅಂದಮೇಲೆ ಡ್ರೈವರಿಗೆ ಕೇಳಬೇಕೆ, ಎದೆ ಸೆಟೆಸಿ ಹೋಗಿ ಕೂತರು. ತಿಮಿಂಗಿಲ ಬರ್ತಾವೇನಪ್ಪಾ ಎಂದು ಕೇಳಿದೆ, ಅವು ಆಳದಲ್ಲಿ ಅಮ್ಮ, ಬಹಳ ದೂರ, ನಮಗೆ ಡಾಲ್ಫಿನ್ನೇ ಸಾಕು ಎಂದು ನಕ್ಕ, ದಂಡೆ ಸಣ್ಣದಾಯಿತು, ನೀರು ಎತ್ತಿತು, ಇಳಿಸಿತು, ಗಂಟಲಲ್ಲಿ ಆ ಹಳೆಯ ಉಪ್ಪುನೀರು, ಬಂತು, ಬಂದೇಬಿಟ್ಟಿತು, ಕಣ್ಣು ಮುಚ್ಚಬೇಕು ಅನ್ನುವಷ್ಟರಲ್ಲಿ ದೋಣಿಯವನು ನನ್ನ ಕೈ ತೆಗೆದು ಚುಕ್ಕಾಣಿಯ ಮೇಲಿಟ್ಟ, ಮೇಲೆ ತನ್ನ ಕೈ ಇಟ್ಟುಕೊಂಡ, ನೀವೇ ಹಿಡೀರಿ ಅಮ್ಮ, ಅಗೋ ಆ ನಡುಗಡ್ಡೆಯ ದೀಪಸ್ತಂಭ, ಅದಕ್ಕೇ ಹಿಡೀರಿ, ಓಡಿಸುವವರಿಗೆ ವಾಂತಿ ಬರೋದಿಲ್ಲ. ಅಂದರೆ — ಅಂದರೆ ಇಷ್ಟೇಯಾ! ಮೂವತ್ತೆರಡು ವರ್ಷದ ಆ ಗಟ್ಟಿ ಹೊಟ್ಟೆಯ ಗುಟ್ಟು ಇಷ್ಟೇಯಾ! ನಾನು ಚೂರು ಅತ್ತ ಒತ್ತಿದರೆ ದೋಣಿ ಇತ್ತ ಹೊರಳುತ್ತದೆ, ನನ್ನ ಮಾತು ಕೇಳುತ್ತದೆ, ಮುಂದಿನ ಅಲೆ ಬರುವುದು ನನಗೆ ಮೊದಲೇ ಗೊತ್ತಾಗುತ್ತದೆ, ಉಪ್ಪುನೀರು ಇಳಿಯಿತು, ಗಾಳಿ ಹೊಡೆಯಿತು, ದೀಪಸ್ತಂಭ ಅಲುಗದೆ ನಿಂತಿತು, ಜೋರಾಗಿ ನಗಬೇಕೆನ್ನಿಸಿ ನಕ್ಕೇಬಿಟ್ಟೆ, ರೀ, ನೋಡ್ರಿ, ನಾ ಹೊಡಿಯಾಕತ್ತೀನಿ — ಅವರು ತಿರುಗಲಿಲ್ಲ, ಕುತ್ತಿಗೆಯೆಲ್ಲ ಬೆವರು, ಬಲಗಾಲು ಹಲಗೆಯ ಮೇಲೆ ಬ್ರೇಕು ಹುಡುಕುತ್ತಿದೆ, ಎರಡೂ ಕೈ ಗಾಳಿಯಲ್ಲಿ ಸ್ಟೇರಿಂಗು ಹುಡುಕುತ್ತಿವೆ, ಸಿಗಲಿಲ್ಲ ಪಾಪ, ಅಂಚಿಗೆ ಬಗ್ಗಿದರು. ಅದೇ ಹೊತ್ತಿಗೆ ದೋಣಿಯವನು ಇಂಜಿನ್ ನಿಲ್ಲಿಸಿದ, ಎಲ್ಲ ಗಪ್‌ಚಿಪ್, ಎಲ್ಲೋ ಫುಸ್ ಎಂದು ಯಾರೋ ಉಸಿರು ಬಿಟ್ಟರು, ಹತ್ತಿರದಲ್ಲೇ, ಮನುಷ್ಯರ ಉಸಿರಿನಂಥದೇ ಉಸಿರು, ತಿರುಗಿದೆ — ಕರಿ ಬೆನ್ನು, ಎದ್ದಿತು, ಬಿಸಿಲಿಗೆ ಮಿಂಚಿತು, ಬಾಗಿತು, ಅದರ ಹಿಂದೆ ಇನ್ನೊಂದು, ಮಗ್ಗುಲಿಗೆ ಅಂಟಿಕೊಂಡು ಗೇಣುದ್ದದ ಸಣ್ಣ ಬೆನ್ನು, ಅಯ್ಯೋ ಕರುವೂ ಇದೆ, ರೀ, ತಲಿ ಎತ್ರಿ, ದೂರ ನೋಡ್ರಿ, ಅವರದೇ ಮಾತು ನನ್ನ ಬಾಯಲ್ಲಿ, ಎತ್ತಿದರು, ಕಣ್ಣುಮೂಗಲ್ಲೆಲ್ಲ ನೀರು, ಎಲ್ಲೈತಿ, ಎಲ್ಲೈತಿ ಕಳಕಮ್ಮಾ — ಮುಳುಗಿಹೋಗಿತ್ತು, ನೀರು ಏನೂ ಆಗದಂತೆ ಮುಚ್ಚಿಕೊಂಡಿತ್ತು.

ಬರುವಾಗ ಬಸ್ಸಿನಲ್ಲಿ ಇಂಜಿನ್ ಪಕ್ಕ ಹೋಗಲಿಲ್ಲ ಅವರು, ನನ್ನ ಮಗ್ಗುಲಲ್ಲೇ ಕೂತು, ಲಿಂಬಿಹಣ್ಣ ಐತೇನ ಎಂದು ಕೇಳಿದರು, ಕೊಟ್ಟೆ, ಮೂಸಿದರು, ಆಮೇಲೆ, ಹೆಂಗಿತ್ತು, ಹೇಳು ಅಂದರು, ಹೇಳಿದೆ, ಇನ್ನೊಮ್ಮೆ ಹೇಳು, ಮತ್ತೆ ಹೇಳಿದೆ, ಯಲಬುರ್ಗಾ ದಾಟುವತನಕ ಹೇಳಿದೆ, ಹೇಳುತ್ತ ಹೇಳುತ್ತ ಕಣ್ಣು ಮುಚ್ಚುವುದನ್ನೇ ಮರೆತಿದ್ದೆ, ದಾಳಿಂಬೆ ತೋಟ ನೋಡಿದೆ, ಇಷ್ಟು ವರ್ಷ ಈ ದಾರಿಯಲ್ಲಿ ದಾಳಿಂಬೆ ತೋಟ ಇದ್ದದ್ದೇ ಗೊತ್ತಿರಲಿಲ್ಲ ನನಗೆ. ಕದ್ದದ್ದಕ್ಕೆ ಸಿಟ್ಟು ಬರಬೇಕು, ಬರುತ್ತಿಲ್ಲ, ನಗು ಬರುತ್ತಿದೆ, ಆದರೆ ಪಕ್ಕೀರವ್ವನಿಗೆ ಅವರು ಏನು ಹೇಳುತ್ತಾರೆ, ರೊಟ್ಟಿ ಬಡಿಯುವ ಕೈ ನಿಂತಿದೆ, ಹೊರಗೆ ಕಲ್ಲೇಶ ಕೇಳುತ್ತಿದ್ದಾನೆ, ಎಷ್ಟಿದ್ದುವ್ರಿ ಸರ, ಮರಿ ಗಿರಿ ಇದ್ದುವೇನು, ಕೆಮ್ಮಿದರು, ಕೆಮ್ಮಿದರೆ ಅವರು ಸುಳ್ಳು ಹುಡುಕುತ್ತಿದ್ದಾರೆಂದೇ ಅರ್ಥ, ಹುಡುಕ್ರಿ, ಹುಡುಕ್ರಿ — ಏ ಕಲ್ಲೇಶಾ, ನನಗ್ಯಾಕ ಕೇಳ್ತಿ, ನಾ ಏನೂ ನೋಡಿಲ್ಲೋ, ಒಂದ್ ಬಾಲಾನೂ ನೋಡಿಲ್ಲ. ಪಕ್ಕೀರವ್ವಾ, ಬಗ್ಗಿದ ತಲಿ ನಂದು. ಗಾಡಿ ಹೊಡದಾಕಿ ಆಕಿ. ಯಾರೂ ನಗುತ್ತಿಲ್ಲ ಈಗ, ಬಾ ಹೊರಗ, ಬಂದು ನೀನ ಹೇಳು ಎಂದು ಕೂಗುತ್ತಿದ್ದಾರೆ, ದನಿ ಯಾಕೋ ಮೆತ್ತಗಾಗಿದೆ ಡ್ರೈವರದ್ದು, ಒಲೆ ಸಣ್ಣ ಮಾಡಿದೆ, ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದೆ, ಎಲ್ಲರ ಕಣ್ಣೂ ನನ್ನ ಮೇಲೆ, ಪಕ್ಕೀರವ್ವ ಬಾಯಿ ತೆರೆದುಕೊಂಡು ಕೂತಿದ್ದಾಳೆ, ಹೌದೇನ ಕಳಕಮ್ಮಾ, ನೀನ ಹೊಡದ್ಯಾ, ಹೆಂಗಿತ್ತವಾ, ಯಲಬುರ್ಗಾತನಕ ಮಾತಿನಲ್ಲಿ ಹೇಳಿದ್ದಾಯಿತು, ಇದಕ್ಕೆ ಮಾತೂ ಬೇಡ, ಲಿಂಬೆಹಣ್ಣೂ ಬೇಡ, ಹಿಟ್ಟು ಮೆತ್ತಿದ ಕೈಯನ್ನೇ ಅವರ ಮುಂದೆ ಎತ್ತಿದೆ, ಬಾಗಿಸಿದೆ, ಇಳಿಸಿದೆ, ಮತ್ತೆ ಎತ್ತಿದೆ, ನಮ್ಮವರು ನನ್ನ ಕೈಯನ್ನೇ ನೋಡುತ್ತಿದ್ದಾರೆ, ಮೂವತ್ತೆರಡು ವರ್ಷ ಕಾದ ಕಣ್ಣು, ಈಗ ಕಂಡಿತೇನ್ರಿ, ಅಗೋ — ಕರಿ ಬೆನ್ನು. ಎದ್ದಿತು. ಬಾಗಿತು. ಕರಿ ಬೆನ್ನು —